ಗಂಗಾಪುರದ ಪಂಪಿನಲ್ಲಿ ಸಿಕ್ಕ ತಪ್ಪು

ಬಡ್ಡಿ ಎಷ್ಟೆಂದು ತಿಳಿಯಬೇಕಾದರೆ ಸಾಲ ಎಷ್ಟೆಂದು ಗೊತ್ತಿರಬೇಕು. ಸಾಲ ಎಷ್ಟೆಂದು ತಿಳಿಯಬೇಕಾದರೆ ಯೋಜನೆಯ ಒಟ್ಟು ವೆಚ್ಚ ಗೊತ್ತಿರಬೇಕು. ಆ ಒಟ್ಟು ವೆಚ್ಚದೊಳಗೆ ರಸ್ತೆ ಕಟ್ಟಿ ಮುಗಿಸುವ ಎರಡು ವರ್ಷಗಳ ಬಡ್ಡಿಯೂ ಸೇರಿರುತ್ತದೆ. ಈ ಮೂರು ಸಾಲುಗಳನ್ನು ಎಕ್ಸೆಲ್ ಹಾಳೆಯಲ್ಲಿ ಒಂದಕ್ಕೊಂದು ಜೋಡಿಸಿದ ಕೂಡಲೇ ಕಂಪ್ಯೂಟರ್ ಒಂದು ಎಚ್ಚರಿಕೆ ಕೊಟ್ಟು, ಸಂಖ್ಯೆ ಇದ್ದ ಕಡೆಯಲ್ಲೆಲ್ಲ ಸೊನ್ನೆ ತುಂಬಿಬಿಟ್ಟಿತು. ನಾಶಿಕದ ನಮ್ಮ ಆಫೀಸಿನಲ್ಲಿ ಆ ಸೊನ್ನೆಗಳ ಮುಂದೆ ನಾನು ಒಂದು ವಾರ ಕೂತಿದ್ದೆ.

ನಾನು ಅಲ್ಲಿ ರಸ್ತೆ ಗುತ್ತಿಗೆದಾರರ ಬಳಿ ದರಪಟ್ಟಿ ಮಾಡುವವಳು. ಜಲ್ಲಿ ಎಷ್ಟು, ಡಾಂಬರು ಎಷ್ಟು, ರೋಲರಿನ ಬಾಡಿಗೆ ಎಷ್ಟು ಎಂದು ಹೇಳುವುದು ನನ್ನ ಕೆಲಸ. ಅಲ್ಲಿಯವರೆಗೆ ನಮ್ಮ ಸಾಹೇಬರು ಸರ್ಕಾರದ ದುಡ್ಡಿನಲ್ಲಿ ರಸ್ತೆ ಮಾಡಿ ಬಿಲ್ಲು ಪಡೆಯುತ್ತಿದ್ದರು. ಆ ವರ್ಷ ಮೊದಲ ಬಾರಿ ಬೇರೆ ಬಗೆಯ ಟೆಂಡರಿಗೆ ಕೈಹಾಕಿದ್ದರು. ನಮ್ಮದೇ ಬಂಡವಾಳ ಮತ್ತು ಬ್ಯಾಂಕಿನ ಸಾಲದಿಂದ ಗಂಗಾಪುರ-ಪೈಠಣ ಕಡೆಯ ಒಂದು ರಸ್ತೆಯನ್ನು ಅಗಲ ಮಾಡಬೇಕು, ಇಂತಿಷ್ಟು ವರ್ಷ ಟೋಲ್ ವಸೂಲಿ ಮಾಡಿ, ಆಮೇಲೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಯಾರು ಎಲ್ಲರಿಗಿಂತ ಕಡಿಮೆ ವರ್ಷ ಕೇಳುತ್ತಾರೋ ಅವರಿಗೆ ಕೆಲಸ. ಆ ‘ಇಂತಿಷ್ಟು ವರ್ಷ’ವನ್ನು ಹುಡುಕಲು ಆದಾಯ, ಖರ್ಚು, ಸಾಲ, ತೆರಿಗೆ ಎಲ್ಲವನ್ನೂ ವರ್ಷ ವರ್ಷಕ್ಕೆ ಬಿಡಿಸಿ ತೋರಿಸುವ ಲೆಕ್ಕದ ಮಾಡೆಲ್ ಬೇಕು. ಮುಂಬೈಯ ಸಲಹೆಗಾರರು ಕೇಳಿದ ಶುಲ್ಕ ನೋಡಿ ಸಾಹೇಬರಿಗೆ ತಲೆ ತಿರುಗಿತು. ನನ್ನನ್ನು ಕರೆದು, “ಇದು ನಿಮಗೆ ಬರುತ್ತದೆಯೇ ಮ್ಯಾಡಮ್?” ಎಂದು ಮರಾಠಿಯಲ್ಲಿ ಕೇಳಿದರು. ಬರುತ್ತದೆ ಅಂದೆ. ಹಿಂದುಮುಂದು ನೋಡದೆ ಬಾಯಿ ಬಿಡುವುದು ನನ್ನ ಹುಟ್ಟುಗುಣ.

“ಸರಿ. ಕಲಿತರೆ ಇನ್ನು ಮುಂದೆ ಈ ಕೆಲಸ ನಿಮ್ಮದು. ಆಗಲಿಲ್ಲ ಅಂದರೆ ಮುಂಬೈಯವರನ್ನು ಕರೆಸುತ್ತೇನೆ, ನೀವು ವಾಪಸ್ ಜಲ್ಲಿ-ಡಾಂಬರಿಗೆ” ಎಂದರು. ಒಂಬತ್ತು ವರ್ಷ ಜಲ್ಲಿ-ಡಾಂಬರಿನಲ್ಲಿ ಕಳೆದವಳಿಗೆ ವಾಪಸ್ ಹೋಗುವ ಮನಸ್ಸಿರಲಿಲ್ಲ.

ನನ್ನ ಯಜಮಾನರು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಸೊನ್ನೆಗಳ ಗೋಳನ್ನು ದಿನಾ ಕೇಳಿ ಕೇಳಿ ಸಾಕಾಗಿ, ಪಂಚವಟಿಯಲ್ಲಿದ್ದ ಒಬ್ಬ ಹಿರಿಯರ ವಿಳಾಸ ತಂದುಕೊಟ್ಟರು. ಕಲಬುರ್ಗಿ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ದೊಡ್ಡ ಯೋಜನೆಗಳ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತ ನಿವೃತ್ತರಾದವರು. ನಾವು ಬೀದರದವರೆಂದು ತಿಳಿದ ಕೂಡಲೇ ಬಾಗಿಲಲ್ಲೇ ಕನ್ನಡ ಶುರುಮಾಡಿದರು. ನಾನು ಅವರನ್ನು ಕಾಕಾ ಎಂದೇ ಕರೆದೆ.

ನಾನು ಒಯ್ದಿದ್ದ ಪ್ರಿಂಟುಗಳನ್ನು ನೋಡಿ ಕಾಕಾ ನಕ್ಕುಬಿಟ್ಟರು. “ಹುಚ್ಚ ಬಿಡೂತನಕ ಮದಿವಿ ಆಗಂಗಿಲ್ಲ, ಮದಿವಿ ಆಗೂತನಕ ಹುಚ್ಚ ಬಿಡಂಗಿಲ್ಲ. ಇದು ಅದೇ ಕಥಿ ನೋಡವ್ವಾ.”

“ಮತ್ತ ಏನ್ ಮಾಡ್ಬೇಕ್ರಿ ಕಾಕಾ?”

“ಏನದ ಮಾಡೂದು? ಬಡ್ಡಿ ಒಂದ್ ಅಂದಾಜ ಹಿಡಿ, ಮದಿವಿ ಮಾಡಿಬಿಡು. ಆಮ್ಯಾಲ ಹುಚ್ಚ ಎಷ್ಟ ಉಳದದ ನೋಡಿದ್ರಾತು.”

ಹಾಗೆಯೇ ಮಾಡಿಸಿದರು. ಕಂಪ್ಯೂಟರಿಲ್ಲ, ಗೆರೆ ಹಾಕಿದ ಉದ್ದ ಹಾಳೆ, ಪೆನ್ಸಿಲ್ಲು. ಬಡ್ಡಿಗೆ ಒಂದು ಅಂದಾಜು ಬರೆದು, ಅದರಿಂದ ಒಟ್ಟು ವೆಚ್ಚ ಹಾಕಿ, ಅದರಿಂದ ಸಾಲ ತೆಗೆದು, ಸಾಲದಿಂದ ನಿಜವಾದ ಬಡ್ಡಿ ತೆಗೆಯಬೇಕು. ಅಂದಾಜಿಗೂ ಉತ್ತರಕ್ಕೂ ವ್ಯತ್ಯಾಸ ಬಂದರೆ ಉತ್ತರವನ್ನೇ ಹೊಸ ಅಂದಾಜು ಎಂದುಕೊಂಡು ಮತ್ತೆ ಮೊದಲಿಂದ. ಆರನೇ ಸುತ್ತಿಗೆ ಎರಡೂ ಒಂದಾದವು. ನನಗಾದ ಸಂತೋಷ ಹೇಳತೀರದು. ಮರುದಿನ ಆಫೀಸಿನಲ್ಲಿ ಇದನ್ನೇ ಒಂದು ಗುಂಡಿ ಒತ್ತಿದರೆ ತಾನಾಗಿ ನಡೆಯುವ ಹಾಗೆ ಬರೆದೆ. ಸೊನ್ನೆಗಳು ಹೋದವು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಪಂಚವಟಿ. ಹೊಳೆಗೆ ಹೋಗುವ ಯಾತ್ರಿಕರು, ಆಟೋಗಳ ಗದ್ದಲ, ಘಂಟೆಯ ಸದ್ದು ಎಲ್ಲದರ ನಡುವೆ ಕಾಕಾ ಅವರ ಪಡಸಾಲೆಯಲ್ಲಿ ಪಾಠ. ಬ್ಯಾಂಕಿಗೆ ಕಟ್ಟಬೇಕಾದ ಪ್ರತಿ ಒಂದು ರೂಪಾಯಿಗೆ ನಮ್ಮ ಕೈಯಲ್ಲಿ ಒಂದು ರೂಪಾಯಿ ಮೂವತ್ತು ಪೈಸೆ ಉಳಿಯಬೇಕು, ಅದೂ ಸರಾಸರಿಯಲ್ಲಿ ಅಲ್ಲ, ಒಂದೊಂದು ವರ್ಷವೂ. ಇದನ್ನು ಅವರು ಹೇಳಿಕೊಡುವ ಹೊತ್ತಿಗೆ ನನ್ನ ಲೆಕ್ಕದಲ್ಲಿ ಐದನೇ ವರ್ಷ ಒಂದು ರೂಪಾಯಿಗೂ ಕೆಳಗೆ ಬಿದ್ದಿತ್ತು. ಆ ವರ್ಷ ರಸ್ತೆಗೆ ಹೊಸ ಡಾಂಬರು ಹಾಕುವ ಖರ್ಚಿತ್ತು. ಹಿಂದಿನ ನಾಲ್ಕು ವರ್ಷವೂ ಸ್ವಲ್ಪ ಸ್ವಲ್ಪ ತೆಗೆದಿಡಬೇಕೆಂದು ನನಗೆ ಹೊಳೆದಿರಲಿಲ್ಲ. ಇನ್ನೊಂದು ವಾರ ಹಾಳಾದದ್ದು ನನ್ನ ಅವಸರದಿಂದ. ಟೋಲ್ ದರ ಮೂರು ವರ್ಷಕ್ಕೊಮ್ಮೆ ಏರುತ್ತದೆ ಎಂದು ಕರಾರಿನಲ್ಲಿ ಬರೆದಿತ್ತು, ನಾನು ವರ್ಷವರ್ಷವೂ ಏರಿಸಿಕೊಂಡು ಹೋಗಿದ್ದೆ. “ಸರಕಾರಕಿಂತ ನೀನೇ ದೊಡ್ಡ ಮನಸ್ಸಿನಾಕಿ ಇದ್ದೀ” ಎಂದು ಕಾಕಾ ಅಣಕಿಸಿದರು. ನಾನು ಮುಖ ಗಂಟಿಕ್ಕಿಕೊಂಡು ಮನೆಗೆ ಬಂದೆ, ಕರಾರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಅದನ್ನು ಮೊದಲೇ ಮಾಡಬೇಕಿತ್ತು.

ಕಾಕಾ ಅವರ ಒಂದು ಕಟ್ಟಳೆ ಇತ್ತು. ಮಾಡೆಲಿಗೆ ಆಧಾರವಾದ ಸಂಖ್ಯೆಗಳನ್ನೆಲ್ಲ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಬೇಕು, ಪ್ರತಿಯೊಂದರ ಎದುರಿಗೆ ಮೂರರಲ್ಲಿ ಒಂದು ಪದ ಬರೆಯಬೇಕು: ಕಂಡದ್ದು, ಕೇಳಿದ್ದು, ಊಹಿಸಿದ್ದು. ಕೇಳಿದ್ದಾದರೆ ಯಾರಿಂದ ಕೇಳಿದ್ದು, ಊಹಿಸಿದ್ದಾದರೆ ಊಹಿಸಿದವರು ಯಾರು, ಅವರ ಹೆಸರು ಪಕ್ಕದಲ್ಲಿರಬೇಕು. ಬ್ಯಾಂಕಿನಲ್ಲಿ ಯಾರೂ ಇದನ್ನು ಕೇಳುತ್ತಿರಲಿಲ್ಲವಂತೆ, ಇದು ಅವರೇ ಮಾಡಿಕೊಂಡ ಪದ್ಧತಿ. ನಾನು ಒಳಗೊಳಗೇ ಇದು ಮುದುಕರ ಚಾಳಿ ಎಂದುಕೊಂಡರೂ ಬರೆದೆ.

ಟೆಂಡರಿನ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿ ಕೊನೆಗೆ ಜನವರಿಯ ಕೊನೆಗೆ ನಿಂತಿತು. ಸಂಕ್ರಾಂತಿಯ ಹೊತ್ತಿಗೆ ನನ್ನ ಮಾಡೆಲ್ ಉತ್ತರ ಹೇಳಿತು. ಹದಿನೈದು ವರ್ಷ, ಕೆಲವು ತಿಂಗಳು. ಸಾಹೇಬರು ಎಳ್ಳುಬೆಲ್ಲದ ಜೊತೆಗೆ ಇಡೀ ಆಫೀಸಿಗೆ ಚಹಾ ತರಿಸಿದರು, ಬ್ಯಾಂಕಿನವರಿಗೆ ಫೋನು ಮಾಡಿ ಸಂಖ್ಯೆಯನ್ನೂ ಹೇಳಿಬಿಟ್ಟರು. ಹದಿನೈದಾದರೆ ಗೆಲುವು ನಮ್ಮದೇ ಎಂದು ಅವರಿಗೆ ಖಾತ್ರಿ. ನನಗೋ, ಮುಂಬೈಯವರಿಗೆ ಕೊಡಬೇಕಿದ್ದ ಕುರ್ಚಿಯಲ್ಲಿ ಆಗಲೇ ಕೂತಂತಾಗಿತ್ತು.

ಆ ಭಾನುವಾರ ಕಾಕಾ ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತ ಒಂದು ಸಾಲಿನಲ್ಲಿ ಪೆನ್ಸಿಲ್ ಊರಿದರು. ಆ ಸಾಲಿನ ಹಿನ್ನೆಲೆ ಇಷ್ಟು. ಟೋಲ್ ಆದಾಯ ನಿಂತಿರುವುದು ದಿನಕ್ಕೆ ಎಷ್ಟು ವಾಹನ ಓಡುತ್ತವೆ ಎಂಬುದರ ಮೇಲೆ. ನಮ್ಮ ಜನ ಆ ರಸ್ತೆಯಲ್ಲಿ ಏಳು ದಿನ ವಾಹನ ಎಣಿಸಿದ್ದು ಆಗಸ್ಟಿನ ಮಳೆಯಲ್ಲಿ. ಮಳೆಗಾಲದಲ್ಲಿ ಓಡಾಟ ಕಡಿಮೆ. ಆದ್ದರಿಂದ ವರ್ಷದ ಸರಾಸರಿಗೆ ತರಲು ಎಣಿಕೆಯನ್ನು ಸ್ವಲ್ಪ ಹಿಗ್ಗಿಸಬೇಕು. ಎಷ್ಟು ಹಿಗ್ಗಿಸಬೇಕೆಂದು ತಿಳಿಯಲು ರಸ್ತೆಯ ಬದಿಯ ಪೆಟ್ರೋಲ್ ಪಂಪುಗಳ ತಿಂಗಳವಾರು ಡೀಸೆಲ್ ಮಾರಾಟವನ್ನು ನೋಡುವುದು ಈ ವೃತ್ತಿಯ ರೂಢಿ. ಆಗಸ್ಟಿನಲ್ಲಿ ಡೀಸೆಲ್ ಸರಾಸರಿಗಿಂತ ಎಷ್ಟು ಕಡಿಮೆ ಮಾರಾಟವಾಗಿದೆಯೋ, ವಾಹನಗಳೂ ಅಷ್ಟೇ ಕಡಿಮೆ ಓಡಿವೆ ಎಂದು ಲೆಕ್ಕ. ಸೈಟಿನ ಸೂಪರ್‌ವೈಜರ್ ಮೂರು ಪಂಪುಗಳ ರಿಜಿಸ್ಟರಿನ ಝೆರಾಕ್ಸ್ ಕಳಿಸಿದ್ದರು. ಆ ಸಾಲಿನ ಎದುರು ನಾನು ‘ಕಂಡದ್ದು’ ಎಂದು ಬರೆದಿದ್ದೆ.

“ಏನ್ ಕಂಡಿ?” ಎಂದರು ಕಾಕಾ.

“ರಿಜಿಸ್ಟರ್ ರಿ. ಪಂಪಿನವ್ರ ಶಿಕ್ಕಾ ಸುದ್ದಾ ಅದ.”

“ಅಂದ್ರ ಝೆರಾಕ್ಸ್ ಕಂಡಿ. ಪಂಪ್ ಯಾರ್ ಕಂಡಾರ?”

“ಕಾಕಾ, ಟೆಂಡರಿಗೆ ಹನ್ನೊಂದ ದಿನಾ ಉಳದಾವ್ರಿ. ಈಗ ಪಂಪ್ ನೋಡ್ಕೋತ ತಿರಗ್ಲೇನು?”

“ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರ. ನೀ ಅಪ್ರತ್ಯಕ್ಷ ಕಂಡು ಪ್ರಮಾಣ ಮಾಡ್ಲಕತ್ತೀ. ಬಿಡು, ‘ಕೇಳಿದ್ದು’ ಅಂತ ಬರಿ, ಸಾಕು.”

ಸಾಕು ಎಂದ ಆ ಮಾತೇ ನನ್ನನ್ನು ಚುಚ್ಚಿತು. ಮರುದಿನ ಬೆಳಿಗ್ಗೆ ರಜೆ ಹಾಕಿ ಎಸ್‌ಟಿ ಬಸ್ಸು ಹತ್ತಿದೆ. ಸತ್ಯ ಹುಡುಕಲು ಹೊರಟೆ ಎಂದು ಈಗ ಹೇಳಿಕೊಳ್ಳಬಹುದು, ಆದರೆ ಹೊರಟದ್ದು ಆ ಮುದುಕರ ಬಾಯಿ ಮುಚ್ಚಿಸಲಿಕ್ಕೆ.

ಮಧ್ಯಾಹ್ನದ ಹೊತ್ತಿಗೆ ಗಂಗಾಪುರದ ಪಂಪಿನ ಎದುರು ಇಳಿದೆ. ಡೀಸೆಲ್ ಹಾಕುವ ಜಾಗದಲ್ಲಿ ದೊಡ್ಡ ಸರದಿ ಇತ್ತು. ಆದರೆ ಸರದಿಯಲ್ಲಿ ಲಾರಿ ಎರಡೇ. ಉಳಿದವೆಲ್ಲ ಕ್ಯಾನುಗಳು. ಸೈಕಲ್ಲಿಗೆ ಕಟ್ಟಿದ ಕ್ಯಾನು, ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ತೂಗುಬಿಟ್ಟ ಕ್ಯಾನು, ಎತ್ತಿನ ಗಾಡಿಯ ಮೇಲೆ ಎರಡು ಬ್ಯಾರೆಲ್ಲು. ನೆಲದ ಮೇಲೆ ಕ್ಯಾನಿಟ್ಟು ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸೊಬ್ಬಳನ್ನು, ಯಾವ ಗಾಡಿಗೆ ಡೀಸೆಲ್ ಎಂದು ಮರಾಠಿಯಲ್ಲಿ ಕೇಳಿದೆ.

“ಗಾಡಿ ಕುಠಲೀ ಬಾಯಿ!” ಎಂದು ನಕ್ಕಳು. ಗಾಡಿ ಎಲ್ಲಿಂದ ಬರಬೇಕು, ಬಾವಿಯ ಇಂಜಿನ್ನಿಗೆ ಎಂದಳು. ಹಗಲೆಲ್ಲ ಕರೆಂಟ್ ಇರುವುದಿಲ್ಲ, ಗೋಧಿಗೆ ನೀರು ಬಿಡದಿದ್ದರೆ ಹೇಗೆ ಎಂದು ನನ್ನನ್ನೇ ಕೇಳಿದಳು.

ಅವು ಲೋಡ್ ಶೆಡ್ಡಿಂಗಿನ ವರ್ಷಗಳು. ಪಂಪಿನ ಮ್ಯಾನೇಜರರನ್ನು ಮಾತಾಡಿಸಿದೆ. ದೀಪಾವಳಿ ಕಳೆದ ಮೇಲೆ ಬೇಸಿಗೆಯವರೆಗೂ ಕ್ಯಾನಿನವರದೇ ಜೋರು, ಮಳೆಗಾಲದಲ್ಲಿ ಒಬ್ಬರೂ ಬರುವುದಿಲ್ಲ, ದೇವರೇ ನೀರು ಕೊಡುವಾಗ ಇಂಜಿನ್ ಯಾಕೆ ಎಂದರು. ಆಗಸ್ಟಿನಲ್ಲಿ ಡೀಸೆಲ್ ಮಾರಾಟ ಅಷ್ಟು ಕುಸಿದದ್ದು ವಾಹನ ನಿಂತದ್ದರಿಂದ ಅಲ್ಲ, ಬಾವಿಯ ಇಂಜಿನ್ ನಿಂತದ್ದರಿಂದ. ಆ ಕುಸಿತವನ್ನು ನಂಬಿ ವಾಹನದ ಎಣಿಕೆಯನ್ನು ವಿಪರೀತ ಹಿಗ್ಗಿಸಿ, ನಾನು ಇಂಜಿನ್ನುಗಳಿಗೆ ಟೋಲ್ ಹಾಕಿದ್ದೆ. ಬೀದರದ ಹಳ್ಳಿಯಲ್ಲಿ ಅಪ್ಪ ಸೈಕಲ್ಲಿನ ಹಿಂದೆ ಡೀಸೆಲ್ ಕ್ಯಾನು ಕಟ್ಟಿಕೊಂಡು ಬರುವುದನ್ನು ನೋಡುತ್ತ ಬೆಳೆದವಳು ನಾನು. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಆ ಪಂಪಿನ ಕಟ್ಟೆಯ ಮೇಲೆ ಕೂತು ನಾಚಿಕೆಯಿಂದ ಅತ್ತೆ. ಆ ಹೆಂಗಸು ನನಗೆ ಬಿಸಿಲು ತಾಗಿದೆ ಎಂದುಕೊಂಡು ನೀರು ತಂದುಕೊಟ್ಟಳು.

ಅತ್ತ ಮೇಲೆ ಕೆಲಸ ಮಾಡಬೇಕಲ್ಲ. ಅಂದಿನ ಸಂಜೆಯವರೆಗೆ ಅಲ್ಲೇ ನಿಂತು, ಕ್ಯಾನಿಗೆ ಎಷ್ಟು, ವಾಹನಕ್ಕೆ ಎಷ್ಟು ಎಂದು ಬರೆದುಕೊಂಡೆ. ಮರುದಿನ ಪೈಠಣದ ದಾರಿಯ ಪಂಪಿನಲ್ಲೂ ಅದೇ ಕಥೆ. ಡೀಸೆಲನ್ನು ನಂಬುವಂತಿಲ್ಲವಾದರೆ ಬೇರೇನನ್ನು ನಂಬುವುದು? ಔರಂಗಾಬಾದಿಗೆ ಹೋದೆ, ಊರಿಗೆ ಆಗಿನ್ನೂ ಅದೇ ಹೆಸರು. ನಗರದ ಅಂಚಿನ ಸುಂಕದ ಕಟ್ಟೆ, ಅಂದರೆ ಜಕಾತಿ ನಾಕೆಯಲ್ಲಿ ಒಳಬರುವ ಪ್ರತಿ ಸರಕಿನ ಗಾಡಿಗೂ ರಸೀದಿ ಹರಿಯುತ್ತಾರೆ, ತಿಂಗಳ ಮೊತ್ತ ಇರಲೇಬೇಕು. ಅಲ್ಲಿಯ ಗುಮಾಸ್ತರು ಮೊದಲು ನನ್ನನ್ನು ಪತ್ರಿಕೆಯವಳೆಂದುಕೊಂಡು ಹೆದರಿದರು. ಆಫೀಸಿನ ಗುರುತಿನ ಚೀಟಿ ತೋರಿಸಿ, ನನ್ನ ಮಗಳ ಶಾಲೆ, ಮನೆಯ ವಿಚಾರವನ್ನೆಲ್ಲ ಹೇಳಿದ ಮೇಲೆ ಹನ್ನೆರಡು ತಿಂಗಳ ಮೊತ್ತವನ್ನು ಕೈಯಲ್ಲೇ ನಕಲು ಮಾಡಿಕೊಳ್ಳಲು ಬಿಟ್ಟರು. ಬಸ್ ಡಿಪೋದಲ್ಲಿ ಟ್ರಿಪ್ಪುಗಳ ಲೆಕ್ಕ ಸಿಕ್ಕಿತು. ಎರಡೂ ಒಂದೇ ಮಾತು ಹೇಳಿದವು. ಮಳೆಗಾಲದಲ್ಲಿ ಓಡಾಟ ತಗ್ಗುವುದು ನಿಜ, ಆದರೆ ನಾನು ಅಂದುಕೊಂಡದ್ದರ ಅರ್ಧದಷ್ಟೂ ಅಲ್ಲ.

ನಾಶಿಕಕ್ಕೆ ಬಂದು ಆ ಒಂದು ಸಾಲನ್ನು ಬದಲಿಸಿ ಗುಂಡಿ ಒತ್ತಿದೆ. ಬ್ಯಾಂಕಿಗೆ ಬೇಕಾದ ಆ ಒಂದು ರೂಪಾಯಿ ಮೂವತ್ತು ಪೈಸೆ ಸಿಗಬೇಕಾದರೆ ಈಗ ಟೋಲ್ ಹತ್ತೊಂಬತ್ತು ವರ್ಷಕ್ಕೂ ಮೇಲೆ ಬೇಕಿತ್ತು.

ಇದು ಗೊತ್ತಿದ್ದದ್ದು ನನಗೊಬ್ಬಳಿಗೇ. ಝೆರಾಕ್ಸಿನ ಮೇಲೆ ಪಂಪಿನ ಮೊಹರಿತ್ತು, ವಿಧಾನ ಎಲ್ಲರೂ ಅನುಸರಿಸುವ ರೂಢಿಯೇ, ಬ್ಯಾಂಕಿನವರೂ ಪ್ರಶ್ನಿಸುತ್ತಿರಲಿಲ್ಲ. ಹೇಳಿದರೆ ಸಾಹೇಬರ ಮೊದಲ ಮಾತು ಏನೆಂದು ನನಗೆ ಬಾಯಿಪಾಠವಿತ್ತು: ಇದಕ್ಕೇ ನಾನು ಮುಂಬೈಯವರು ಬೇಕು ಅಂದದ್ದು. ಹೇಳದಿದ್ದರೆ ಟೆಂಡರ್ ಗೆದ್ದು, ರಸ್ತೆ ಕಟ್ಟಿ, ಮೂರ್ನಾಲ್ಕು ವರ್ಷದ ಮೇಲೆ ಕಂತು ಕಟ್ಟಲಾರದೆ ಕಂಪನಿ ಕೂತುಬಿಡುತ್ತಿತ್ತು. ಒಂದಿಡೀ ದಿನ ಹೇಳದೆ ಇದ್ದೆ. ಊಟ ಸೇರಲಿಲ್ಲ. ಯಜಮಾನರು ಏನಾಯಿತೆಂದು ಕೇಳಿದರೆ ಅವರ ಮೇಲೇ ಹರಿಹಾಯ್ದೆ.

ಮರುದಿನ ಬೆಳಿಗ್ಗೆ ಸಾಹೇಬರ ಕೋಣೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದೆ. ಸೂಪರ್‌ವೈಜರ್ ಹೆಸರು ಎತ್ತಲಿಲ್ಲ. ನಾನು ಕೇಳಿದ್ದನ್ನು ಅವರು ಕಳಿಸಿದ್ದರು, ಅಷ್ಟೇ. ನಿರೀಕ್ಷಿಸಿದ ಮಾತು ಬಂತು, ಮುಂಬೈಯವರದು. ಆಮೇಲೆ ಬೇರೊಂದು ಮಾತೂ ಬಂತು.

“ವಾಹನಗಳು ವರ್ಷಕ್ಕೆ ಎಷ್ಟು ಹೆಚ್ಚುತ್ತವೆ ಎಂದು ಹಿಡಿದಿದ್ದೀರಿ?”

“ಶೇಕಡ ಐದು ಸಾಹೇಬ್.”

“ಏಳು ಹಿಡಿಯಿರಿ. ದೇಶ ಓಡುತ್ತಿದೆ. ಎಲ್ಲರೂ ಏಳು ಹಿಡಿಯುತ್ತಾರೆ.”

ಏಳು ಹಿಡಿದರೆ ಹದಿನೈದರ ಹತ್ತಿರಕ್ಕೆ ವಾಪಸ್ ಬರುತ್ತದೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ನಾನೇ ಗುಟ್ಟಾಗಿ ಹಾಕಿ ನೋಡಿದ್ದೆ. ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. “ಹಿಡಿಯುತ್ತೇನೆ ಸಾಹೇಬ್. ಇಲ್ಲಿ ಊಹಿಸಿದವರ ಹೆಸರು ಬರೆಯಬೇಕು. ಯಾರದು ಬರೆಯಲಿ?”

“ನಿಮ್ಮದೇ ಬರೆಯಿರಿ.”

“ನನ್ನ ಊಹೆ ಐದು.”

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಸಾಹೇಬರು ಪೆನ್ನು ಎತ್ತಿಕೊಂಡರು. ಆ ಖಾಲಿ ಚೌಕದ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಕೊನೆಗೆ ಏನೂ ಬರೆಯದೆ ಪೆನ್ನು ಕೆಳಗಿಟ್ಟು, “ಹತ್ತೊಂಬತ್ತನ್ನೇ ಹಾಕಿ. ಈಗ ಹೊರಗೆ ಹೋಗಿ” ಎಂದರು.

ಔರಂಗಾಬಾದಿನ ಸರ್ಕಾರಿ ಕಚೇರಿಯಲ್ಲಿ ಲಕೋಟೆಗಳನ್ನು ಒಡೆದ ದಿನ ಐದು ಕಂಪನಿಗಳವರು ಬಂದಿದ್ದರು. ನಮ್ಮ ವರ್ಷಗಳನ್ನು ಓದಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಐವರಲ್ಲಿ ಎಲ್ಲರಿಗಿಂತ ಹೆಚ್ಚು ಕೇಳಿದವರು ನಾವೇ. ಗೆದ್ದವರು ಕೇಳಿದ್ದು ಹದಿನಾಲ್ಕೂ ತುಂಬಿರಲಿಲ್ಲ. ಅವರ ಲೆಕ್ಕ ತಪ್ಪಿತ್ತು ಎನ್ನಲಾರೆ. ಅವರಿಗೆ ಅಗ್ಗದ ಸಾಲ ಸಿಕ್ಕಿರಬಹುದು, ಸ್ವಂತ ಜಲ್ಲಿ ಕ್ವಾರಿ ಇದ್ದಿರಬಹುದು. ನನಗೆ ಗೊತ್ತಿದ್ದದ್ದು ನಮ್ಮ ಲೆಕ್ಕ ಮಾತ್ರ.

ಸಾಹೇಬರ ಕಾರಿನಲ್ಲಿ ನಾಶಿಕಕ್ಕೆ ಹೊರಟೆವು. ವೈಜಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಗ್ಲಾಸು ನೋಡುತ್ತಲೇ ಹೇಳಿದರು. “ಮ್ಯಾಡಮ್, ನನಗೆ ಇವತ್ತು ನಿಮ್ಮ ಮೇಲೆ ವಿಪರೀತ ಸಿಟ್ಟು ಬಂದಿದೆ. ನಾಳೆಯೂ ಇರುತ್ತದೆ. ನಾಳೆ ಆಫೀಸಿಗೆ ಬರಬೇಡಿ. ನಾಡಿದ್ದು ಬನ್ನಿ, ಇನ್ನೊಂದು ರಸ್ತೆಯ ಟೆಂಡರ್ ಬಂದಿದೆ. ಮುಂಬೈಯವರಿಗೆ ನೀವೇ ಪತ್ರ ಬರೆದು ಬೇಡ ಅಂದುಬಿಡಿ.”

ಸಿಟ್ಟಿನಲ್ಲೂ ನ್ಯಾಯ ಮರೆಯದ ಆ ಮನುಷ್ಯರ ಋಣ ನನ್ನ ಮೇಲೆ ದೊಡ್ಡದು.

ಮರುದಿನ ಪಂಚವಟಿಗೆ ಹೋದೆ. ಭಾನುವಾರವಲ್ಲದ ದಿನ ನನ್ನನ್ನು ನೋಡಿ ಕಾಕಾ ಗಾಬರಿಯಾದರು. ಪಂಪು, ಕ್ಯಾನು, ಜಕಾತಿ ನಾಕೆ, ಲಕೋಟೆ, ಚಹಾ ಎಲ್ಲವನ್ನೂ ಹೇಳಿದೆ. ಅವರ ಬಾಯಿ ಮುಚ್ಚಿಸಲೆಂದೇ ಹೋಗಿದ್ದೆ ಎಂಬುದನ್ನೂ ಹೇಳಿದೆ. ಅದಕ್ಕೆ ಜೋರಾಗಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

“ಆ ತಪ್ಪು ಹಿಡದವ್ರು ಯಾರು?”

“ನಾನೇ ರಿ ಕಾಕಾ.”

“ಮಾಡಿದವ್ರು?”

“ಅದೂ ನಾನೇ ರಿ.”

“ಮಾಡಿದವ್ರು, ಹಿಡದವ್ರು ಇಬ್ರೂ ಒಬ್ರೇ ಇದ್ರಂದ್ರ ಬ್ಯಾಂಕಿನವ್ರಿಗಿ ನಿದ್ದಿ ಬರ್ತದ ನೋಡವ್ವಾ. ಮೂವತ್ತ ವರ್ಷ ಇಂಥವ್ರು ಬರ್ತಾರೇನು ಅಂತ ಹಾದಿ ನೋಡ್ಕೋತ ಕುಂತಿದ್ದೆ ನಾ.”

ನಾನು ಅವರ ಕಾಲು ಮುಟ್ಟಿದೆ. ಕಾಕಾ ತಲೆಯ ಮೇಲೆ ಕೈಯಿಟ್ಟು, ಊಟ ಮಾಡಿಕೊಂಡೇ ಹೋಗಬೇಕೆಂದರು.